ಇಳಿಸಿದನೋ, ಬೀಳಿಸಿದನೋ

"ಸತ್ತ ಮನಷ್ಯಾ ಚಾ ಕುಡಿತಾನೇನ್ರೀ ಯಪ್ಪಾ?" ಎಂದು ಬಂಡೆಮ್ಮ ಕೇಳಿದಳು. "ಅದೂ ಎರಡು ಕಪ್ಪು?"

ಬೂದೆಪ್ಪ ತನ್ನ ಕೈಯಲ್ಲಿದ್ದ ಕಪ್ಪನ್ನು ಬಸಿಯ ಮೇಲೆ ಇಟ್ಟ. ಮಾನ್ವಿಯಿಂದ ಚೀಕಲಪರ್ವಿಯ ತನಕ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಸೊಂಟ ಹಿಡಿದುಕೊಂಡಿತ್ತು. ಈ ಮಾತು ಕೇಳಿದ ಮೇಲೆ ಸೊಂಟದ ನೆನಪೇ ಹೋಯಿತು.

"ಯಾವತ್ತು ಅಂದಿ ಯವ್ವಾ?"

"ಜೀಪು ಬಂತಲ್ರೀ, ಆ ಗುರುವಾರ. ಮರುದಿನ ಡ್ಯಾಮಿನ ಗೇಟು ಎತ್ತಿದ್ರು, ಹೊಳಿ ಈ ಕಟ್ಟಿ ತನಕ ಬಂದಿತ್ತು. ಅದರ ಹಿಂದಿನ ದಿನ."

"ಸರ್ವೇಯರ್ ಗದ್ದೆಪ್ಪನವ್ರು ಚಾ ಕುಡಿಯೋ ಹೊತ್ತಿಗೆ ಜೀಪು ಇಲ್ಲೇ ಇತ್ತೋ, ಹೋಗಿತ್ತೋ?"

"ಹೋಗಿತ್ರೀ. ಧೂಳ ಎಬ್ಬಿಸಿಕೊಂತ ಹೋತು. ಆಮ್ಯಾಲೆ ಸಾಹೇಬ್ರು ಬಂದು ನೀವು ಕುಂತಲ್ಲೇ ಕುಂತ್ರು. ಬರಿಗಾಲಾಗ ಇದ್ರು ನೋಡ್ರಿ. ಚಪ್ಪಲಿ ಎಲ್ಲಿ ಅಂದ್ರ ಸುಮ್ಮನ ನಕ್ಕರು. ಚಾ ಕುಡದು ಅಲ್ಲಾಬಕ್ಷನ ಹರಗೋಲಿನ್ಯಾಗ ಕುಂತು ಆಚಿ ದಂಡಿಗೆ ಹೋದ್ರು. ಕಣ್ಣಾರೆ ನೋಡೀನಿ."

"ಇಷ್ಟು ದಿನ ಪೊಲೀಸ್ರಿಗೆ ಯಾಕ ಹೇಳಲಿಲ್ಲ ಬೇ?"

"ಕೇಳಬೇಕಲ್ರೀ ಅವ್ರು? ಬಂದ್ರು, ದಂಡಿ ದಿಬ್ಬದ ಮ್ಯಾಲೆ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡ್ರು, ಮೀನ ಹಿಡಿಯೋರನ್ನ ನಾಲ್ಕು ಬೈದ್ರು, ಹೋದ್ರು. ಚಾ ಮಾರೋ ಮುದುಕಿನ ಯಾರು ಕೇಳ್ತಾರ?"

ಬೂದೆಪ್ಪನಿಗೆ ಎದ್ದು ಕುಣಿಯಬೇಕೆನಿಸಿತು. ಐವತ್ತೆರಡು ವರ್ಷದ, ಬಕ್ಕತಲೆಯ, ಕೋರ್ಟಿನ ಕರಿ ಕೋಟು ತೊಟ್ಟ ಮನುಷ್ಯ ಹೊಳೆದಂಡೆಯಲ್ಲಿ ಕುಣಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನೆ ಕುಳಿತ.

ಅವನು ಪತ್ತೇದಾರನಲ್ಲ, ಪೊಲೀಸನೂ ಅಲ್ಲ. ರಾಯಚೂರಿನ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತಿರುಗಿಸುತ್ತ ಬಂದ ಭಾಷಾಂತರಕಾರ. ಮೂರು ವಾರದ ಹಿಂದೆ ಅವನು ತಿರುಗಿಸಿದ ಒಂದೇ ಒಂದು ಸಾಲಿನ ಮೇಲೆ ಸರ್ವೇ ಕಚೇರಿಯ ಜೀಪು ಡ್ರೈವರ್ ವಲಿ ಪಾಷಾ ಕೊಲೆಗಾರನಾಗಿ ಜೈಲು ಸೇರಿದ್ದ.

ಆ ಸಾಲು ಜೀಪಿನ ಲಾಗ್‌ಬುಕ್ಕಿನಲ್ಲಿತ್ತು. ಆಗಸ್ಟ್ ಹದಿನಾರು, ಸಂಜೆ ಐದು ಗಂಟೆ. ಡ್ರೈವರನ ಸೊಟ್ಟ ಇಂಗ್ಲಿಷ್ ಅಕ್ಷರ: "ಡ್ರಾಪ್ಡ್ ಸರ್ವೇಯರ್ ಸಾಹೇಬ್ ಇನ್ ರಿವರ್ ಚೀಕಲಪರ್ವಿ."

ಆ ಸಾಲು ಬೂದೆಪ್ಪನ ಮೇಜಿಗೆ ಬಂದಾಗ ಊಟದ ಹೊತ್ತು. ಸರಕಾರಿ ವಕೀಲರ ಗುಮಾಸ್ತ ತಲೆಯ ಮೇಲೆ ನಿಂತಿದ್ದ. ಬೂದೆಪ್ಪನ ಕಣ್ಣಿಗೆ ಬಿದ್ದದ್ದು 'ಇನ್ ರಿವರ್' ಎಂಬ ಎರಡು ಮಾತು. ಲೇಖನಿ ತಾನಾಗಿಯೇ ಬರೆಯಿತು: "ಸರ್ವೇಯರ್ ಸಾಹೇಬರನ್ನು ಹೊಳೆಯಲ್ಲಿ ಬೀಳಿಸಿದೆ." ಕೆಳಗೆ ಸಹಿ, ಮೇಲೆ ಮೊಹರು. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿಂದ.

ಹೆಣ ಸಿಕ್ಕಿರಲಿಲ್ಲ. ಹೊಳೆ ತುಂಬಿದ್ದರಿಂದ ಕೊಚ್ಚಿಹೋಗಿದೆ ಎಂದರು ಪೊಲೀಸರು. ವಲಿ ಪಾಷಾನನ್ನು ಕೇಳಿದರೆ "ಹೊಳಿಗೆ ಬಿಟ್ಟು ಬಂದೀನ್ರೀ" ಎಂದನಂತೆ. ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡವನು ಮತ್ತೆ ತೆಗೆಯಲಿಲ್ಲ. ನಮ್ಮ ಕನ್ನಡದ 'ಬಿಡು' ಏನು ಕಡಿಮೆಯೇ? ನೆಂಟರನ್ನು ಊರಿಗೆ ಬಿಡುತ್ತೇವೆ, ಸತ್ತವರ ಬೂದಿಯನ್ನೂ ಹೊಳೆಗೆ ಬಿಡುತ್ತೇವೆ. ಪೊಲೀಸರು ತಮಗೆ ಬೇಕಾದ ಅರ್ಥವನ್ನು ಆರಿಸಿಕೊಂಡರು. ತಾನೂ ಹಾಗೆಯೇ ಮಾಡಿದೆನೇನೋ ಎಂಬ ಅನುಮಾನ ಹೊಕ್ಕಂದಿನಿಂದ ಬೂದೆಪ್ಪ ಊರೂರು ಅಲೆದು ವಿಚಾರಿಸುತ್ತಿದ್ದ.

ಸೋಮವಾರ ಜಾಮೀನಿನ ಅರ್ಜಿ ಬರುವುದಿತ್ತು. ಈ ದಿನ ಗುರುವಾರ.

* * *

ಶುಕ್ರವಾರ ಬೆಳಿಗ್ಗೆ ಸರ್ವೇ ಕಚೇರಿಯ ಬಾಗಿಲು ತೆಗೆಯುವುದಕ್ಕೂ ಬೂದೆಪ್ಪ ಅಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಬಂಡೆಮ್ಮನ ಮಾತೇನೋ ಸಿಕ್ಕಿತು. ಆದರೆ ತನ್ನದೇ ಮೊಹರಿದ್ದ ಸಾಲನ್ನು ಅಳಿಸಬೇಕಾದರೆ ಕಾಗದವೇ ಬೇಕು. ದಾಖಲೆ ನೋಡಿಕೊಳ್ಳುವ ಗುಮಾಸ್ತ ಅಬ್ದುಲ್ ವಹೀದ್ ಹಳೆಯ ಲಾಗ್‌ಬುಕ್ಕುಗಳನ್ನು ಕಪಾಟಿನಿಂದ ತೆಗೆದು ಧೂಳು ಕೊಡವಿ ಮುಂದಿಟ್ಟ.

"ಡ್ರೈವರ್ ಮಂದಿ ಬರದದ್ದನ್ನ ಯಾರೂ ಓದಿಲ್ರೀ ಇವತ್ತಿನ ತನಕ. ನೀವೇ ಮೊದಲು."

ಬೂದೆಪ್ಪ ಓದಿದ. "ಡ್ರಾಪ್ಡ್ ಸಾಹೇಬ್ ಇನ್ ಆಫೀಸ್." "ಡ್ರಾಪ್ಡ್ ಮೇಡಂ ಇನ್ ಬಜಾರ್." "ಡ್ರಾಪ್ಡ್ ಟಿಫಿನ್ ಇನ್ ಬಂಗ್ಲೋ." ಹಾಳೆ ತಿರುವಿದಂತೆಲ್ಲ ಅದೇ. ವಲಿ ಪಾಷಾನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ ಕ್ರಿಯಾಪದ, ಒಂದೇ 'ಇನ್'. ಇಡೀ ರಾಯಚೂರು ಜಿಲ್ಲೆಯನ್ನು ಅವನು ಆ ಎರಡು ಮಾತಿನಲ್ಲಿ ಸುತ್ತಿ ಬಂದಿದ್ದ.

ಫೆಬ್ರುವರಿಯ ಒಂದು ಸಾಲಿಗೆ ಬಂದಾಗ ಬೂದೆಪ್ಪನ ಬೆರಳು ನಿಂತಿತು. "ಡ್ರಾಪ್ಡ್ ಕಲೆಕ್ಟರ್ ಸಾಹೇಬ್ ಇನ್ ಕೆನಾಲ್ ಕಲ್ಲೂರ್."

ಭುಜದ ಮೇಲಿಂದ ಇಣುಕಿದ ವಹೀದ್ ಬಿದ್ದು ಬಿದ್ದು ನಕ್ಕ. "ಯಾ ಅಲ್ಲಾ! ಪೊಲೀಸ್ರ ಲೆಕ್ಕದಾಗ ನಮ್ಮ ಪಾಷಾ ಕಲೆಕ್ಟರ್ ಸಾಹೇಬ್ರನ್ನ ಸೈತ ಕೆನಾಲಿಗೆ ಕೆಡವ್ಯಾನ! ಅವ್ರು ಮೊನ್ನೆ ಧ್ವಜ ಹಾರಿಸಿದ್ರಲ್ರೀ?"

ಬೂದೆಪ್ಪ ನಗಲಿಲ್ಲ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು.

ಇಪ್ಪತ್ತಾರು ವರ್ಷದಲ್ಲಿ ಈ ಒಂದು ಮಾತನ್ನು ಅವನು ಎಷ್ಟು ಬಗೆಯಲ್ಲಿ ಬರೆದಿರಲಿಲ್ಲ! ಸರಕಾರ ಕೇಸು ಡ್ರಾಪ್ ಮಾಡಿದರೆ 'ಕೈಬಿಟ್ಟಿತು' ಎಂದು ಬರೆದಿದ್ದ. ಪಟ್ಟಿಯಿಂದ ಹೆಸರು ಡ್ರಾಪ್ ಆದರೆ 'ತೆಗೆದುಹಾಕಲಾಯಿತು'. ಕಾಗದವಾದರೆ ಪೆಟ್ಟಿಗೆಗೆ 'ಹಾಕಿದೆ'. ಧಾರಣೆ ಡ್ರಾಪ್ ಆದರೆ 'ಇಳಿಯಿತು'. ಮಾತಿನ ನಡುವೆ ಸುಳಿವು ಡ್ರಾಪ್ ಮಾಡಿದ ಎಂದು ಒಬ್ಬ ಸಾಕ್ಷಿ ಹೇಳಿದಾಗ ಅರ್ಧ ದಿನ ತಲೆ ಕೆರೆದುಕೊಂಡು 'ಬಾಯಿತಪ್ಪಿದವನಂತೆ ಸೂಚಿಸಿದ' ಎಂದು ಬರೆದು, ಜಜ್ ಸಾಹೇಬರಿಂದ ಭೇಷ್ ಅನ್ನಿಸಿಕೊಂಡಿದ್ದ.

ಬೀಳಿಸುವುದಕ್ಕೇ ಕನ್ನಡದಲ್ಲಿ ಎಷ್ಟು ಮಾತು. ಹುಣಸೆಕಾಯಿಯಾದರೆ ಉದುರಿಸಬೇಕು, ನೀರಾದರೆ ಚೆಲ್ಲಬೇಕು, ಗೋಡೆಯಾದರೆ ಕೆಡವಬೇಕು. ಇಂಗ್ಲಿಷಿನವನು ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಕೊಡುತ್ತಾನೆ, ಬಿಚ್ಚಿ ಬೇರೆ ಮಾಡುವುದು ಭಾಷಾಂತರಕಾರನ ಕೆಲಸ. ಅದಕ್ಕೇ ಸಂಬಳ. ಆ ಒಂದು ದಿನ ಅವನು ಚೀಲಕ್ಕೆ ಕೈಹಾಕಿ ಮೊದಲು ಸಿಕ್ಕದ್ದನ್ನು ಕೊಟ್ಟುಬಿಟ್ಟಿದ್ದ.

"ವಹೀದ್ ಸಾಬ್, ಈ ಪುಸ್ತಕ ಸೋಮವಾರ ಕೋರ್ಟಿಗೆ ಬೇಕು."

"ಸಾಹೇಬ್ರನ್ನ ಕೇಳಬೇಕ್ರೀ. ನಾನು ಕೊಡಾಕ ಬರಂಗಿಲ್ಲ."

ಕೇಳುವ ಮೊದಲೇ ಒಳಗಿನಿಂದ ಗಂಟೆ ಕೇಳಿಸಿತು. ಸಾಹೇಬರೇ ಕರೆದರು.

ಸರ್ವೇ ಕಚೇರಿಯ ಅಧಿಕಾರಿ ಹನುಮಂತ್ರಾಯರು ದೊಡ್ಡ ಆಳು, ಸಣ್ಣ ದನಿ. ವಲಿ ಪಾಷಾನ ಮೇಲೆ ಫಿರ್ಯಾದು ಕೊಟ್ಟವರು ಇವರೇ. ಅವರ ಮುಂದೆ ದೇವದುರ್ಗದ ಕಡೆಯ ಇಬ್ಬರು ರೈತರು ಕುಳಿತಿದ್ದರು. ಬೂದೆಪ್ಪ ಒಳಗೆ ಬಂದದ್ದೇ ತಡ, ಅವರಿಬ್ಬರೂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಏನ್ರೀ ಬೂದೆಪ್ಪನವ್ರ, ನಮ್ಮ ಹಳೇ ಪುಸ್ತಕ ಎಲ್ಲಾ ತಿರುವಿ ಹಾಕಾಕತ್ತೀರಂತ?"

"ತಪ್ಪು ತಿದ್ದಾಕ ಬಂದೀನ್ರೀ ಸಾಹೇಬ್ರ. ನಂದೇ ತಪ್ಪು."

"ತಪ್ಪು ಮಾಡೀನಿ ಅಂತ ನೀವೇ ಬರಕೊಟ್ರ ನಿಮ್ಮ ನೌಕರಿ ಉಳಿತದೇನು?"

"ಉಳಿಲಿಕ್ಕಿಲ್ರೀ. ಒಬ್ಬ ಮನಷ್ಯಾನ ಕುತ್ತಿಗಿ ಉಳಿತದ."

ಹನುಮಂತ್ರಾಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಬೂದೆಪ್ಪ ಜಗಳಕ್ಕೆ ತಯಾರಾಗಿಯೇ ಬಂದಿದ್ದ. ಮೇಜಿನ ಮೇಲೆ ಲಾಗ್‌ಬುಕ್ಕು ಬಿಚ್ಚಿಟ್ಟು ಒಂದೊಂದೇ ಸಾಲನ್ನು ಬೆರಳಿಟ್ಟು ತೋರಿಸಿದ. ಡ್ರಾಪ್ ಎಂದರೆ ಇಲ್ಲಿ ಇಳಿಸುವುದು, ಗಾಡಿಯಿಂದ ಇಳಿಸಿ ಬಿಟ್ಟು ಬರುವುದು. 'ಇನ್' ಎನ್ನುವುದನ್ನು ಪಾಷಾ ಕನ್ನಡದ 'ಹತ್ರ' ಎಂಬಂತೆ ಬರೆದಿದ್ದಾನೆ.

"ಸಾಹೇಬ್ರ, ನಿಮ್ಮನ್ನ ಇವನು ನೂರಾ ಹನ್ನೆರಡು ಸಲ ಡ್ರಾಪ್ ಮಾಡ್ಯಾನ. ಎಣಿಸೀನಿ. ನಿಮಗ ಒಂದು ಗಾಯ ಆಗಿಲ್ಲ."

ಕಿಟಕಿಯ ಹತ್ತಿರ ನಿಂತವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಹನುಮಂತ್ರಾಯರು ತಿರುಗಿ ನೋಡಿದರು. ನಗು ನಿಂತಿತು.

"ಶಾಣ್ಯಾ ಇದ್ದೀರಿ" ಎಂದರು ಅವರು. "ಆದ್ರ ಶಬ್ದದ ಆಟ ಬ್ಯಾರೆ, ಜೀವದ ಮಾತು ಬ್ಯಾರೆ. ನಾವು ಒಂದು ಶಬ್ದ ತಿದ್ದಿದ್ರ ಸತ್ತ ಗದ್ದೆಪ್ಪ ಎದ್ದು ಬರ್ತಾನೇನು?"

"ಸತ್ತೇ ಇಲ್ರೀ ಅವ್ರು!"

ಮಾತು ಹೊರಬಿದ್ದೇಬಿಟ್ಟಿತು. ಬಿದ್ದ ಮೇಲೆ ನಿಲ್ಲಿಸುವುದು ಹೇಗೆ? ಮೂರು ವಾರ ತಪ್ಪನ್ನು ಮನಸ್ಸಿನಲ್ಲೇ ಹೊತ್ತು ತಿರುಗಿದವನು ಒಮ್ಮೆಲೇ ಹಗುರಾಗಿಬಿಟ್ಟ. ಬಂಡೆಮ್ಮನ ಚಹಾದಂಗಡಿ, ಎರಡು ಕಪ್ಪು ಚಹಾ, ಧೂಳೆಬ್ಬಿಸಿಕೊಂಡು ಹೋದ ಜೀಪು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ತನ್ನ ಜಾಣತನಕ್ಕೆ ತಾನೇ ಸ್ವಲ್ಪ ಉಬ್ಬಿದ್ದೂ ಉಂಟು, ಯಾಕೆ ಸುಳ್ಳು ಹೇಳಬೇಕು.

ಹನುಮಂತ್ರಾಯರ ಮುಂದಿನ ಚಹಾ ಕೆನೆಗಟ್ಟಿತು. ಅವರು ಅದನ್ನು ಮುಟ್ಟಲಿಲ್ಲ.

"ಆಚಿ ದಂಡಿಗೆ ಹೋದ ಅಂದ್ರಿ?"

"ಹೌದ್ರೀ. ಆಂಧ್ರದ ದಂಡಿಗೆ. ಹರಗೋಲಿನ್ಯಾಗ."

"ಹರಗೋಲು ಯಾರದು?"

"ಅಲ್ಲಾಬಕ್ಷ ಅಂತ ಒಬ್ಬ ಅದಾನಂತ."

"ಅಲ್ಲಾಬಕ್ಷ" ಎಂದು ಹನುಮಂತ್ರಾಯರು ಮೆಲ್ಲಗೆ ಹೇಳಿದರು. ಆಮೇಲೆ ಮುಖ ಅರಳಿತು. "ಒಳ್ಳೇ ಸುದ್ದಿ ತಂದ್ರಿ ನೋಡ್ರಿ. ನನ್ನ ಕೈಕೆಳಗಿನ ಮನಷ್ಯಾ ಬದುಕ್ಯಾನ ಅಂದ್ರ ನನಗ ಅದಕ್ಕಿಂತ ಏನು ಬೇಕು? ವಹೀದ್, ಪುಸ್ತಕ ಇವ್ರಿಗೆ ಕೊಟ್ಟು ರಸೀದಿ ಬರಿಸಿಕೋ."

ಇಷ್ಟು ಸುಲಭವಾಗಿ ಒಪ್ಪಿಬಿಟ್ಟರಲ್ಲ! ಸುಮ್ಮನೆ ಇವರನ್ನು ಕೆಟ್ಟವರೆಂದುಕೊಂಡೆನಲ್ಲ ಎಂದು ಬೂದೆಪ್ಪನಿಗೆ ಪಶ್ಚಾತ್ತಾಪವಾಯಿತು. ಕೈಮುಗಿದು ಹೊರಗೆ ಬಂದ.

ರಸೀದಿ ಬರೆಯುವಷ್ಟರಲ್ಲಿ ಅಂಗಳದಲ್ಲಿ ಜೀಪು ಗುರ್ ಎಂದಿತು. ಹೊಸ ಡ್ರೈವರ್ ಪೀರಾ ಸಾಬ್ ಸ್ಟೀರಿಂಗಿನ ಮುಂದಿದ್ದ. ಹನುಮಂತ್ರಾಯರು ಮುಂದೆ ಕುಳಿತರು, ದೇವದುರ್ಗದ ಇಬ್ಬರೂ ಹಿಂದೆ ಹತ್ತಿದರು.

"ಮಾನ್ವಿ ಕಡೆ ಸ್ವಲ್ಪ ಕೆಲಸ ಅದ" ಎಂದರು ಹನುಮಂತ್ರಾಯರು ಬೂದೆಪ್ಪನ ಕಡೆ ನೋಡಿ, ನಗುತ್ತ. ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು.

* * *

ಜೈಲಿನ ಭೇಟಿಯ ಕೋಣೆಯಲ್ಲಿ ಎರಡು ತಂತಿಜಾಳಿಗೆ, ನಡುವೆ ಒಂದು ಮೊಳ ಸಂದು. ಎರಡು ಗಂಟೆಗೆ ಭೇಟಿ ಬಿಟ್ಟರು. ಬೂದೆಪ್ಪ ಒಂದು ಡಜನ್ ಬಾಳೆಹಣ್ಣು ತಂದಿದ್ದ. ಅದನ್ನು ಪಹರೆಯವನು ಎಣಿಸಿ ಬದಿಗಿಟ್ಟುಕೊಂಡ.

ವಲಿ ಪಾಷಾ ಬಂದು ಆಚೆ ನಿಂತ. ಮೂರು ವಾರದಲ್ಲಿ ಗಡ್ಡ ಬೆಳೆದು ಅರ್ಧ ಬೆಳ್ಳಗಾಗಿತ್ತು.

"ಪಾಷಾ, ಸೋಮವಾರ ನೀ ಮನಿಗೆ ಹೋಗ್ತಿ!"

ವಲಿ ಪಾಷಾನ ಮುಖದಲ್ಲಿ ಸಂತೋಷ ಕಾಣಲಿಲ್ಲ. "ಹ್ಯಾಂಗ್ರೀ ಸಾಬ್?"

"ನೀ ಬರದ ಡ್ರಾಪ್ ಅಂದ್ರ ಇಳಿಸಿದೆ ಅಂತ ಅರ್ಥ. ಬೀಳಿಸಿದೆ ಅಂತ ನಾ ಬರದಿದ್ದು ತಪ್ಪು. ಜಜ್ ಸಾಹೇಬ್ರ ಮುಂದ ನಾನೇ ನಿಂತು ಹೇಳ್ತೀನಿ."

"ನಕ್ಕೋ ಸಾಬ್." ವಲಿ ಪಾಷಾ ತಲೆ ಅಲ್ಲಾಡಿಸಿದ. "ಮೊದಲು ಏನು ಬರದೀರೋ ಅದೇ ಇರ್ಲಿ."

"ಹುಚ್ಚೇನಲೇ ನಿನಗ? ಅದು ತಪ್ಪು!"

"ತಪ್ಪೇ ಇರ್ಲಿ ಬಿಡ್ರಿ. ಆ ತಪ್ಪಿನಿಂದ ಒಂದು ಜೀವ ಉಳದದ."

ಬೂದೆಪ್ಪನಿಗೆ ಏನೂ ಅರ್ಥವಾಗಲಿಲ್ಲ. ವಲಿ ಪಾಷಾ ಪಹರೆಯವನ ಕಡೆ ಒಮ್ಮೆ ನೋಡಿ ಜಾಳಿಗೆಗೆ ಮುಖ ಹತ್ತಿರ ತಂದ. ಪಹರೆಯವನು ಬಾಳೆಹಣ್ಣು ಸುಲಿಯುತ್ತಿದ್ದ.

"ಇಂಗ್ಲಿಷ್ ಬರಿಯೋದು ನನಗ ಕಲಿಸಿದವ್ರೇ ಗದ್ದೆಪ್ಪ ಸಾಹೇಬ್ರು. ಜೀಪಿನ ಬಾನೆಟ್ ಮ್ಯಾಲೆ ಕಾಗದ ಇಟ್ಟು ಕಲಿಸಿದ್ರು. ಅದಕ್ಕಿಂತ ಮೊದಲು ಹೆಬ್ಬೆಟ್ಟು ಒತ್ತತಿದ್ದೆ. ಅಂಥವ್ರನ್ನ ನಾ ಹೊಳ್ಯಾಗ ಹಾಕ್ತೀನೇನು?"

"ಅದನ್ನೇ ಹೇಳಾಕತ್ತೀನಲ್ಲೋ!"

"ಕೇಳ್ರಿ ಪೂರ್ತಿ. ದೇವದುರ್ಗದಾಗ ಕುರಿ ಮೇಯಿಸೋ ಗಾಯರಾಣ ಅದಲ್ಲ, ಮುನ್ನೂರು ಎಕರೆ? ಅಷ್ಟೂ ಜಮೀನು ಯಾರ್ಯಾರದೋ ಹೆಸರಿಗೆ ಹೋಗ್ಯದ. ಗದ್ದೆಪ್ಪ ಸಾಹೇಬ್ರು ಅಳತಿ ಮಾಡಿ ಖರೇ ನಕಾಶಿ ತಮ್ಮ ಪುಸ್ತಕದಾಗ ಬರಕೊಂಡಿದ್ರು. ಅವತ್ತು ಮಧ್ಯಾಹ್ನ ಇಬ್ರು ಕೊಡಲಿ ಹಿಡಕೊಂಡು ಕ್ಯಾಂಪಿಗೆ ಬಂದ್ರು. ಪುಸ್ತಕ ಎದಿಗೆ ಅವಚಿಕೊಂಡು ಓಡಿ ಬಂದು ನನ್ನ ಜೀಪು ಹತ್ತಿದ್ರು. ಸೀದಾ ಹೊಳಿಗೆ ಹೊಡದೆ."

"ಚಪ್ಪಲಿ?"

"ನಾನೇ ಬಿಡಿಸಿ ದಂಡಿ ದಿಬ್ಬದ ಮ್ಯಾಲೆ ಇಟ್ಟೆ. ಸತ್ತವ್ರನ್ನ ಯಾರೂ ಹುಡುಕಂಗಿಲ್ಲ ಅಲ್ರೀ ಸಾಬ್. ಬರೋ ಗುರುವಾರ ಕಲೆಕ್ಟರ್ ಸಾಹೇಬ್ರು ಗಾಯರಾಣದ ವಿಚಾರಣಿಗೆ ದೇವದುರ್ಗಕ್ಕ ಬರ್ತಾರ. ಅವತ್ತು ಗದ್ದೆಪ್ಪ ಸಾಹೇಬ್ರು ಬಂದು ಪುಸ್ತಕ ಅವರ ಕೈಯಾಗ ಇಡ್ತಾರ. ಅಲ್ಲಿ ತನಕ ನಾ ಇಲ್ಲಿ ಖೂನಿಗಾರ ಅಂತ ಕುಂತ್ರ ಏನಾತು? ಇನ್ನ ಆರು ದಿನ."

ಎಂಥ ಮನುಷ್ಯನಿವನು! ಒಂದು ಮಾತಿನ ಕೆಟ್ಟ ಅರ್ಥವನ್ನು ತಾನಾಗಿ ಮೈಮೇಲೆ ಹೊದ್ದುಕೊಂಡು ಕುಳಿತಿದ್ದಾನೆ. ಅದನ್ನು ಕಿತ್ತು ತೆಗೆಯಲು ತಾನು ಮೂರು ವಾರದಿಂದ ಊರೂರು ಅಲೆದೆ.

"ಕೊಡಲಿ ಕೊಟ್ಟು ಕಳಿಸಿದವ್ರು ಯಾರೋ ಪಾಷಾ?" ಎಂದು ಕೇಳಿದ. ಉತ್ತರ ಗೊತ್ತಾಗಿಹೋಗಿತ್ತು. ಆದರೂ ಬೇರೆ ಯಾರದಾದರೂ ಹೆಸರು ಬರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಇನ್ಯಾರ್ರೀ? ನಮ್ಮ ಹನುಮಂತ್ರಾಯ ಸಾಹೇಬ್ರು. ಆ ಜಮೀನೆಲ್ಲ ಅವರ ಅಳಿಯಂದ್ರ ಹೆಸರಿಲೇ ಅದ. ನಾ ಫಿರ್ಯಾದಿನ ಮ್ಯಾಲೆ ಜೈಲಿಗೆ ಬಂದ ದಿನದಿಂದ ಅವ್ರು, ಗದ್ದೆಪ್ಪ ಸಾಹೇಬ್ರು ಸತ್ರು ಅಂತ, ನಿಶ್ಚಿಂತಿ ಆಗಿ ಮಲಗ್ಯಾರ."

ಬೂದೆಪ್ಪ ಜಾಳಿಗೆಯನ್ನು ಹಿಡಿದುಕೊಂಡ.

"ಯಾಕ್ರೀ ಸಾಬ್, ಹಿಂಗ್ಯಾಕ ಬೆವರಾಕತ್ತೀರಿ? ಇಳಿಸಿದೆ ಅನ್ನೋ ಮಾತು ಯಾರ ಮುಂದನೂ ಆಡಿಲ್ಲ ಹೌದಲ್ರೀ?"

"ಆಡೀನಿ."

"ಯಾರ ಮುಂದ?"

ಹೇಳದೆ ಹೋಗಿಬಿಡಬಹುದಿತ್ತು. ಕಾಲು ಬಾಗಿಲ ಕಡೆ ಎಳೆಯುತ್ತಿದ್ದವು. ಆದರೆ ಈ ಮನುಷ್ಯನಿಗೆ ತಾನು ಒಮ್ಮೆ ಮಾಡಿದ ಅನ್ಯಾಯವೇ ಸಾಕಾಗಿತ್ತು.

"ಅವ್ರ ಮುಂದೇ. ಬೆಳಿಗ್ಗೆ. ಗದ್ದೆಪ್ಪನವ್ರು ಬದುಕ್ಯಾರ, ಆಚಿ ದಂಡಿಗೆ ಹೋಗ್ಯಾರ ಅಂತ ಹೇಳಿಬಿಟ್ಟೆ. ನನಗ ಗೊತ್ತಿರಲಿಲ್ಲೋ ಪಾಷಾ, ನಿನ್ನಾಣಿ ಗೊತ್ತಿರಲಿಲ್ಲ."

ವಲಿ ಪಾಷಾ ಕಣ್ಣು ಮುಚ್ಚಿಕೊಂಡ. ಬಹಳ ಮೆತ್ತಗೆ ಕೇಳಿದ: "ಆಚಿ ದಂಡಿ ಅಂದ್ರ ಬೇಕಾದಷ್ಟು ಹಳ್ಳಿ ಅದಾವ. ಅಷ್ಟೇ ಹೇಳೀರಲ್ರೀ? ಮತ್ತೇನೂ ಹೇಳಿಲ್ಲಲ್ಲ?"

"ಹರಗೋಲು ಯಾರದು ಅಂತ ಕೇಳಿದ್ರು. ಅಲ್ಲಾಬಕ್ಷಂದು ಅಂದೆ. ಆಮ್ಯಾಲೆ ಇಬ್ರನ್ನ ಕರಕೊಂಡು ಜೀಪು ಹತ್ತಿದ್ರು. ಹನ್ನೊಂದಕ್ಕೇ."

ಆಚೆ ಕಡೆಯಿಂದ ಒಂದು ದನಿ ಬಂತು. ಅದು ಅಳುವೂ ಅಲ್ಲ, ಕೂಗೂ ಅಲ್ಲ. ಪಹರೆಯವನು ಬಾಳೆಹಣ್ಣನ್ನು ಕೆಳಗಿಟ್ಟು ಎದ್ದು ನಿಂತ.

"ಅಲ್ಲಾಬಕ್ಷ ನನ್ನ ಹೆಂಡ್ತಿ ಅಣ್ಣ ಸಾಬ್. ಗದ್ದೆಪ್ಪ ಸಾಹೇಬ್ರು ಇರೋದು ಅವನ ಮನ್ಯಾಗೇ. ಡ್ರೈವರ್ ಖೂನಿಗಾರ ಅಂತ ಊರ ಮಂದಿ ಕಲ್ಲು ಹೊಡದ್ರ ಅಂತ ನನ್ನ ಹೆಂಡ್ತಿ ಶಹಜಾದಿನ್ನ, ಎರಡು ಮಕ್ಕಳನ್ನ ಸೈತ ನಾ ಅಲ್ಲಿಗೇ ಕಳಿಸೀನಿ."

ಮಾತು ಮುಗಿಯುವ ಮೊದಲೇ ವಲಿ ಪಾಷಾ ಎರಡೂ ಕೈಯಿಂದ ಜಾಳಿಗೆಯನ್ನು ಹಿಡಿದು ಜಗ್ಗತೊಡಗಿದ.

"ಜೈಲರ್ ಸಾಹೇಬ್ರನ್ನ ಕರೀರಿ! ನಾ ಕೊಂದಿಲ್ಲ! ಇಳಿಸಿ ಬಂದೀನಿ, ಎಲ್ಲಾ ಹೇಳ್ತೀನಿ, ಎಲ್ಲಿ ಬೇಕಾದ್ರ ಅಲ್ಲಿ ಸಹಿ ಹಾಕ್ತೀನಿ! ಈಗಲೇ ಹೊರಗ ಬಿಡ್ರಿ ನನ್ನ!"

ಪಹರೆಯವನು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಮೂರು ವಾರ ಬಾಯಿ ಬಿಡದವನು ಇವತ್ತು ಏನು ಒದರತಿ ಲೇ? ನಡಿ ಒಳಗ. ಸೋಮವಾರ ಜಜ್ ಸಾಹೇಬ್ರ ಮುಂದ ಹೇಳಿಯಂತ."